ಆರು ಹಲ್ಲಿನ ಮರಿಗಳ ಓಟ

ದನದ ಕೆಳದವಡೆಯಲ್ಲಿ ಮುಂದಿನ ಹಲ್ಲು ಎಂಟು. ಕುದುರೆಗೆ ಆರು. ಪಶುವೈದ್ಯ ಇಲಾಖೆಗೆ ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಇದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ನನಗೆ ಯಾರೂ ಹೇಳಿಕೊಡಲಿಲ್ಲ. ಅದು ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ದೊರೆಗಳ ಕಾಲದಿಂದ ನಡೆದುಬಂದಿದ್ದ ಒಂದು ಕುದುರೆ ಓಟದ ಚರಿತ್ರೆಯನ್ನು ನನ್ನ ಕೈಯಾರೆ ಕೆಡಿಸಿ, ಆಮೇಲೆ ಅದನ್ನು ಸರಿಮಾಡಲು ಹೋಗಿ ಪೂರ್ತಿಯಾಗಿ ಮುಗಿಸಿಯೇಬಿಟ್ಟೆ.

ನನ್ನ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಇದ್ದವೇ ಎರಡು, ಅವೂ ತಡವಾಗಿ ಬಂದವು. ಓಟದ ಬಗ್ಗೆ ಬರೆಯುತ್ತೇನೆ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆ. ಮನೆಯೊಳಗೆ ತಮಿಳೂ ನಡೆಯುತ್ತಿತ್ತು, ಕನ್ನಡವೂ ನಡೆಯುತ್ತಿತ್ತು, ಎಲ್ಲಕ್ಕಿಂತ ಜೋರಾಗಿ ಮಗ್ಗ ನಡೆಯುತ್ತಿತ್ತು. ನಾನು ಮಗ್ಗಕ್ಕೆ ಕೂತರೆ ಗಳಿಗೆಗೊಂದು ಎಳೆ ಕಡಿಯುತ್ತಿತ್ತು. ಅಪ್ಪ ಒಂದು ದಿನ ಬೇಸತ್ತು, "ಇಲ್ಲಿ ನೂಲು ಕಡೀಬ್ಯಾಡ ಕಣ್ಲಾ, ಎಲ್ಲಾದ್ರೂ ದನಿನ ಬಾಲ ಇಡ್ಕಂಡು ಬದುಕೋಗು" ಅಂದರು. ಅವರು ಸಿಟ್ಟಿಗೆ ಅಂದದ್ದು ನನಗೆ ವರವಾಯಿತು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ ಖಾಲಿ ಇತ್ತು, ಸೇರಿಕೊಂಡೆ.

ಆಗಿನ ಡಾಕ್ಟರು ತಮಿಳಿನವರು. ಐವತ್ತಾರರಲ್ಲಿ ನಮ್ಮ ತಾಲ್ಲೂಕು ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದಾಗ ಅವರು ತಮ್ಮ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟರು. ಹೋಗುವಾಗ ಬೀರುವಿನ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಪಾತ್ತುಕ್ಕೋ" ಅಂದರು. ನೋಡಿಕೋ ಅಂತ. ಅಷ್ಟೇ ನನಗೆ ಸಿಕ್ಕ ತರಬೇತಿ. ಹೊಸ ಡಾಕ್ಟರು ಬರಲು ಮೂರು ವರ್ಷದ ಮೇಲಾಯಿತು. ಅಲ್ಲಿಯವರೆಗೆ ಔಷಧಿ ಕಲೆಸುವವನೂ ನಾನೇ, ಕುಡಿಸುವವನೂ ನಾನೇ, ಸರ್ಟಿಫಿಕೇಟು ಬರೆಯುವವನೂ ನಾನೇ. ಹೊಸ ಸರ್ಕಾರದ ಸೀಲು ಬರುವ ತನಕ ಹಳೆಯ ಸೀಲನ್ನೇ ಸ್ವಲ್ಪ ಓರೆ ಮಾಡಿ, ರಾಜ್ಯದ ಹೆಸರು ಮೂಡದ ಹಾಗೆ ಒತ್ತುತ್ತಿದ್ದೆ. ಆ ಓರೆ ಒತ್ತುವುದರಲ್ಲಿ ನನಗಿದ್ದ ಕೈಚಳಕ ಮಗ್ಗದಲ್ಲಿ ಇದ್ದಿದ್ದರೆ ಅಪ್ಪ ನನ್ನನ್ನು ಮನೆ ಬಿಡಲು ಬಿಡುತ್ತಿರಲಿಲ್ಲ.

ಹಲ್ಲು ನೋಡಿ ವಯಸ್ಸು ಹೇಳುವುದನ್ನು ನಾನು ಕಲಿತದ್ದು ಸಂತೆಯಲ್ಲಿ ಒಬ್ಬ ದನದ ದಲ್ಲಾಳಿಯಿಂದ. ಹಾಲುಹಲ್ಲು ಬಿದ್ದು ಎರಡು ಹಲ್ಲು ಹುಟ್ಟಿದ್ದರೆ ಎರಡು ವರ್ಷ ದಾಟಿದೆ, ನಾಲ್ಕಾದರೆ ಮೂರು, ಆರಾದರೆ ಮೂರೂವರೆ, ಎಂಟೂ ಬಂದು ಬಾಯಿ ಕೂಡಿದರೆ ನಾಲ್ಕು ದಾಟಿತು. ದನದ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಒಮ್ಮೆ ಹೂಗ್ಯದಲ್ಲಿ ಭಾವ ಮೈದುನ ಒಂದು ಎತ್ತಿನ ವಯಸ್ಸಿಗೆ ಜಗಳವಾಡಿ ಮಾತು ಬಿಟ್ಟಿದ್ದರು. ನಾನು ಹೋಗಿ ಎತ್ತಿನ ಬಾಯಿಗೆ ಕೈ ಹಾಕಿ, "ಆರು ಹಲ್ಲು, ಮೂರೂವರೆ" ಅಂದೆ. ಇಬ್ಬರೂ ಒಪ್ಪಿ, ನನಗೆ ರಾಗಿಮುದ್ದೆ ಕೋಳಿಸಾರು ಊಟ ಹಾಕಿಸಿ ಕಳಿಸಿದರು. ಅಂದಿನಿಂದ ಹನೂರು ಕಡೆಗೆಲ್ಲ ನನ್ನ ಹೆಸರು ಹರಡಿತು. ಕಾಂಪೌಂಡ್ರು ಬಾಯಿ ತೆರೆಸಿದರೆ ಮುಗೀತು, ಎರಡು ಮಾತಿಲ್ಲ ಎಂದು ಜನ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೂ ಹಾಗೆಯೇ ಅನ್ನಿಸತೊಡಗಿತು. ಕೆಟ್ಟದ್ದು ಅಲ್ಲೇ.

ಈಗ ಓಟದ ವಿಷಯ. ಯಳಂದೂರು ಕಡೆಯ ಬೆಟ್ಟದಲ್ಲಿ ಕಾಫಿ ತೋಟ ಮಾಡಿದ್ದ ಒಬ್ಬ ಬಿಳಿಯ ದೊರೆ ಇದನ್ನು ಶುರುಮಾಡಿದನಂತೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ, ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ ನೀರು ಇಂಗಿದ ಒಂದು ಕೆರೆಯಂಗಳದಲ್ಲಿ ಓಟ. ಬೇಲಿ ಹಾರುವುದಿಲ್ಲ, ಹಳ್ಳ ನೆಗೆಯುವುದಿಲ್ಲ, ಸಪಾಟು ನೆಲದ ಮೇಲೆ ಒಂದು ಸುತ್ತು ಓಡಿ ಮುಗಿಸಬೇಕು. ಕುದುರೆ ಜಾತಿ ಕುದುರೆಯಾಗಿರಬೇಕು, ಅಂದರೆ ರೇಸಿಗೆಂದೇ ಹುಟ್ಟಿಸಿದ ತಳಿ. ಉದ್ದ ಕಾಲು, ತೆಳ್ಳನೆ ಚರ್ಮ, ಸುಮ್ಮನೆ ಒಂದು ಕಾಗೆ ಹಾರಿದರೂ ಬೆದರುವ ಸ್ವಭಾವ. ಇನ್ನೊಂದು ನಿಯಮ, ಅದು ಮೂರು ವರ್ಷ ತುಂಬಿ ನಾಲ್ಕು ತುಂಬದ ಮರಿಯಾಗಿರಬೇಕು. ಅದಕ್ಕೇ ಊರವರು ಇದನ್ನು ಮರಿಗುದುರೆ ಓಟ ಅನ್ನುತ್ತಿದ್ದರು. ದೊರೆ ದೇಶ ಬಿಟ್ಟು ಹೋಗುವಾಗ ಅವನ ಕುದುರೆಗಳನ್ನೂ, ಬೆಳ್ಳಿಯ ಕಪ್ಪನ್ನೂ, ಗಾಜು ಹಾಕಿಸಿದ್ದ ಇಂಗ್ಲಿಷಿನ ನಿಯಮದ ಹಾಳೆಯನ್ನೂ ಯಳಂದೂರಿನ ಗುರುಮಲ್ಲಪ್ಪ ಸಾಹುಕಾರರು ಕೊಂಡುಕೊಂಡರು. ಗದ್ದೆ ತೋಟ ಧಾರಾಳವಾಗಿದ್ದ ಮನುಷ್ಯ. ಮೀಸೆ ಅದಕ್ಕಿಂತ ಧಾರಾಳ. ಆ ಗಾಜಿನ ಹಾಳೆಗೆ ಓಟದ ದಿನ ಕುಂಕುಮವಿಟ್ಟು ಹೂವಿನ ಹಾರ ಹಾಕಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದರು. ಓದಿದವರು ಯಾರೂ ಇರಲಿಲ್ಲ.

ದೊರೆಯ ಕಾಲದಲ್ಲಿ ದೂರದ ಊರುಗಳಿಂದ ನಿಜವಾದ ಮರಿಗಳು ಬರುತ್ತಿದ್ದವಂತೆ. ನಮ್ಮ ಕಾಲಕ್ಕೆ ಬರುತ್ತಿದ್ದುದು ಹೆಚ್ಚಾಗಿ ಜಟಕಾ ಕುದುರೆಗಳು. ದೊಡ್ಡ ಊರಿನ ರೇಸಿನಲ್ಲಿ ಓಡಿ ಓಡಿ ಬೇಡವಾದ ಜಾತಿ ಕುದುರೆಗಳನ್ನು ನಮ್ಮ ಕಡೆಯವರು ಕೊಂಡು ತಂದು ಜಟಕಾಕ್ಕೆ ಕಟ್ಟುತ್ತಿದ್ದರು. ಹೀಗೆ ಬಂದ ಕುದುರೆಯ ವಯಸ್ಸು ಕೊಂಡವನಿಗೂ ಗೊತ್ತಿರುತ್ತಿರಲಿಲ್ಲ. ಅದನ್ನು ಹೇಳಲು ಸರ್ಕಾರಿ ಸರ್ಟಿಫಿಕೇಟು ಬೇಕು. ಡಾಕ್ಟರಿಲ್ಲ. ಸಾಹುಕಾರರು ನನ್ನನ್ನೇ ಕರೆಸಿದರು.

ಮೊದಲ ವರ್ಷವೇ ಒಂದು ಕುದುರೆ ನನ್ನ ಕೈ ಕಚ್ಚಿತು. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇಲ್ಲ, ಎಷ್ಟು ಹೊತ್ತು ಬೇಕಾದರೂ ಕೈ ಇಟ್ಟುಕೊಂಡಿರಬಹುದು. ಕುದುರೆಗೆ ಮೇಲೂ ಇವೆ. ಮೇಲೆ ಹಲ್ಲಿರುವ ಪ್ರಾಣಿಗೆ ಕೆಳಗಿನ ಲೆಕ್ಕವೂ ಬೇರೆ ಇರಬಹುದು ಎಂದು ಒಬ್ಬ ಸಾಮಾನ್ಯ ಬುದ್ಧಿಯವನಿಗಾದರೂ ಆ ಕ್ಷಣ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ಟಿಂಚರ್ ಹಚ್ಚಿಕೊಂಡು ಮುಂದಿನ ಕುದುರೆಯ ಬಾಯಿ ತೆರೆಸಿದೆ.

ಆರು ಹಲ್ಲು. ಮೂರೂವರೆ ವರ್ಷ. ಓಡಬಹುದು. ಇನ್ನೊಂದಕ್ಕೂ ಆರು ಹಲ್ಲು, ಮತ್ತೊಂದಕ್ಕೂ ಆರೇ. ಈ ವರ್ಷ ಒಳ್ಳೆಯ ಮರಿಗಳು ಬಂದಿವೆ ಎಂದು ಸಾಹುಕಾರರಿಗೆ ಹೇಳಿದೆ. ಎರಡೇ ಹಲ್ಲಿದ್ದ ಒಂದು ಚೆಂದದ ಕಂದು ಕುದುರೆಯನ್ನು, "ಇದಕ್ಕಿನ್ನೂ ಎರಡು ವರ್ಷ, ಬೆಳೆದ ಮೇಲೆ ತನ್ನಿ" ಎಂದು ಹಿಂದಕ್ಕೆ ಕಳಿಸಿದೆ. ಅದೊಂದೇ ಅಲ್ಲಿದ್ದ ನಿಜವಾದ ಮರಿ ಎಂದು ಈಗ ಗೊತ್ತು.

ಆ ವರ್ಷ ಗೆದ್ದದ್ದು ಕೊಳ್ಳೇಗಾಲದ ಜಟಕಾ ನಂಜುಂಡನ ರಾಜ. ನಂಜುಂಡ ಬಾಯಿ ತುಂಬ ಎಲೆಯಡಿಕೆಯ, ಯಾರ ಮೇಲೂ ಸಿಟ್ಟಿಲ್ಲದ ಆಳು. ರಾಜ ನರೆಗೂದಲಿನ, ಕಣ್ಣ ಮೇಲೆ ಗುಳಿ ಬಿದ್ದ, ಆದರೆ ಓಡಲು ಬಿಟ್ಟರೆ ಹಿಂದೆ ನೋಡದ ಕುದುರೆ. ಮರುವರ್ಷವೂ ಬಂದ. ಬಾಯಿ ತೆರೆಸಿದೆ, ಆರು ಹಲ್ಲು. ನನಗೂ ಒಂದು ಗಳಿಗೆ ಅನುಮಾನ ಬಂತು.

"ಓದ್ಸಲಾನೂ ಆರಿತ್ತಲ್ಲಯ್ಯ?" ಅಂದೆ.

"ಇತ್ತು ಸಾ. ಇನ್ನೆಲ್ಡು ಬರ್ಬೇಕು. ನಾನೂ ಬೆಳಿಗ್ಗೆ ಬೆಳಿಗ್ಗೆ ನೋಡ್ತಾನೆ ಇವ್ನಿ, ಬರ್ನೇ ಇಲ್ಲ."

"ಜಾತಿ ಕುದ್ರ ಅಲ್ವಾ, ಬಾಯಿ ಕೂಡಾದು ನಿಧಾನ" ಎಂದು ಪಕ್ಕದಲ್ಲಿದ್ದವರು ಯಾರೋ ಅಂದರು. ಸರಿಯಾಗಿಯೇ ಇದೆ ಅನ್ನಿಸಿತು. ಮೂರೂವರೆ ಎಂದು ಬರೆದು ಸೀಲು ಒತ್ತಿದೆ. ರಾಜ ಮತ್ತೆ ಗೆದ್ದ. ಅದರ ಮುಂದಿನ ವರ್ಷವೂ ಆರು ಹಲ್ಲು, ಮೂರೂವರೆ ವರ್ಷ, ಗೆಲುವು. ಮೂರು ವರ್ಷ ಒಂದೇ ಸಮನೆ ಮೂರೂವರೆಯಲ್ಲಿ ನಿಂತ ಪ್ರಾಣಿ ಪ್ರಪಂಚದಲ್ಲಿ ಅದೊಂದೇ ಇರಬೇಕು. ಆ ಮೂರೂ ಸರ್ಟಿಫಿಕೇಟಿನ ಕೆಳಗೆ ನನ್ನ ರುಜು ಇದೆ.

ಈ ಮೂರನೆಯ ಓಟದ ದಿನವೇ ಮಾದಮ್ಮನ ಪ್ರಸಂಗ ನಡೆದದ್ದು. ಮಾದಮ್ಮ ಮಧುವನಹಳ್ಳಿಯ ಹೆಂಗಸು. ಅವಳ ಗಂಡ ದೊರೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ, ಆಮೇಲೆ ಸಾಹುಕಾರರ ಲಾಯಕ್ಕೆ ಬಂದ. ಅಲ್ಲಿ ಕುಂಟುತ್ತಿದ್ದ ಒಂದು ಗಬ್ಬದ ಹೆಣ್ಣು ಕುದುರೆಯನ್ನು ಯಾರೂ ಕೇಳುವವರಿಲ್ಲ ಎಂದು ಮನೆಗೆ ತಂದು ಉಪಚರಿಸಿದ. ಅದು ಮನೆಯಲ್ಲೇ ಒಂದು ಹೆಣ್ಣುಮರಿ ಹಾಕಿತು. ಮರಿಗೆ ಗೌರಿ ಎಂದು ಹೆಸರಿಟ್ಟರು. ಗಂಡ ಸತ್ತ ಮೇಲೆ ಮಾದಮ್ಮ ಅತ್ತು ಕೂರಲಿಲ್ಲ. ತಾಯಿ ಕುದುರೆಯ ಕಾಲು ಅಷ್ಟರಲ್ಲಿ ಗುಣವಾಗಿತ್ತು, ಅದನ್ನು ಜಟಕಾಕ್ಕೆ ಕಟ್ಟಿ ಮಧುವನಹಳ್ಳಿಗೂ ಕೊಳ್ಳೇಗಾಲಕ್ಕೂ ತಾನೇ ಹೊಡೆಯತೊಡಗಿದಳು. ಹೆಂಗಸು ಜಟಕಾ ಹೊಡೆಯುವುದನ್ನು ನೋಡಲೆಂದೇ ಕೆಲವರು ಹತ್ತುತ್ತಿದ್ದರು.

ಗೌರಿ ಬೆಳೆದು ಕಣ್ಣು ಕುಕ್ಕುವ ಹಾಗಾದಾಗ ಸಾಹುಕಾರರಿಗೆ ಎರಡೂ ತಮ್ಮವೇ ಎಂಬುದು ನೆನಪಾಯಿತು. ಲಾಯಕ್ಕೆ ಹೊಡೆದು ತಾ ಎಂದು ಹೇಳಿ ಕಳಿಸಿದರು. ಮಾದಮ್ಮ ಓಟದ ಮೈದಾನಕ್ಕೇ ಬಂದು, ಕಪ್ಪು ಇಟ್ಟ ಮೇಜಿನ ಮುಂದೆ ನಿಂತಳು.

"ಬುದ್ಧೀ, ಸಾಯೋ ಕುದ್ರನ ನನ್ ಗಂಡ ಬದುಕಿಸ್ದ. ಈಗ ಅದೇ ನಮ್ಮನ್ನ ಬದುಕುಸ್ತಾ ಅದ. ಇಸ್ಕಂಡ್ರ ನಾನೇನ್ ಮಾಡ್ಲಿ?"

ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಸಾಹುಕಾರರಿಗೆ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಅವರಿಗೆ ಮಾತು ದೊಡ್ಡದಾಗಿ ಬರುತ್ತಿತ್ತು. "ಆಯ್ತು ಕಣಮ್ಮ. ಮುಂದಿನ್ ವರ್ಷ ನಿನ್ ಮರಿ ನನ್ ಓಟ ಗೆಲ್ಲಲಿ, ತಾಯಿ ಮರಿ ಎರಡೂ ನಿನ್ಗೆ. ಸೋತ್ರೆ ಎರಡೂ ನನ್ ಲಾಯಕ್ಕೆ. ಇಷ್ಟು ಜನದ ಮುಂದೆ ಹೇಳಿದ್ದೀನಿ" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ವರ್ಷದ ಕೊನೆಗೆ ಹೊಸ ಡಾಕ್ಟರು ಬಂದರು. ಅನಂತಸ್ವಾಮಿ ಎಂದು ಹೆಸರು. ತೆಳ್ಳಗೆ, ಇಸ್ತ್ರಿ ಮಾಡಿದ ಪ್ಯಾಂಟು, ಕೈ ತೊಳೆಯದೆ ಕಾಫಿ ಮುಟ್ಟದ ಮನುಷ್ಯ. ಅವರು ಬಂದ ಮೊದಲ ದಿನ ನನ್ನ ಔಷಧಿ ಬೀರು ತೆರೆದು ನೋಡಿ, ಏನೂ ಹೇಳದೆ ಮುಚ್ಚಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರಿಂದ ನಾನು ಕಲಿತದ್ದು ಬಹಳ. ಸಿರಿಂಜು ಕುದಿಸುವುದು, ಪ್ರಾಣಿಗೆ ಔಷಧಿ ಕೊಡುವ ಮೊದಲು ಅದರ ತೂಕ ಅಂದಾಜು ಮಾಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು. ಕೊನೆಯದನ್ನು ಕಲಿಯಲು ತುಂಬ ಕಷ್ಟವಾಯಿತು.

ನಾಲ್ಕನೆಯ ಓಟಕ್ಕೆ ಹದಿನೈದು ದಿನ ಇರುವಾಗ ಡಾಕ್ಟರಿಗೆ ಹೇಳುವ ಗೋಜಿಗೆ ಹೋಗದೆ ಎಂದಿನಂತೆ ನಾನೇ ಎಲ್ಲ ಕುದುರೆಗಳ ಬಾಯಿ ನೋಡಿ ಸರ್ಟಿಫಿಕೇಟು ಕೊಟ್ಟೆ. ರಾಜನಿಗೆ ಆರು ಹಲ್ಲು, ಮೂರೂವರೆ. ಇನ್ನೂ ಆರು ಕುದುರೆಗಳಿಗೂ ಅದೇ. ಗೌರಿಗೆ ಮಾತ್ರ ನಾಲ್ಕು, ಅದರಲ್ಲೂ ಎರಡು ಆಗಷ್ಟೇ ಒಸಡು ಸೀಳಿ ಮೇಲೆದ್ದಿದ್ದವು. ಮೂರು ವರ್ಷ ಎಂದು ಬರೆದುಕೊಟ್ಟೆ.

ಅದಾಗಿ ಎರಡು ದಿನಕ್ಕೆ ಅಗಸರ ಮಲ್ಲಯ್ಯ ಮೇವು ಬಿಟ್ಟಿದ್ದ ತನ್ನ ಕತ್ತೆಯನ್ನು ಆಸ್ಪತ್ರೆಗೆ ಹೊಡೆದುಕೊಂಡು ಬಂದ. ಡಾಕ್ಟರು ಅದರ ಬಾಯಿ ತೆರೆದು, "ವಯಸ್ಸಾಗಿದೆ. ಬಾಯಿ ಕೂಡಿ ಎಷ್ಟೋ ವರ್ಷ ಆಗಿದೆ" ಅಂದರು.

ನಾನು ಬಗ್ಗಿ ನೋಡಿದೆ. ಆರು ಹಲ್ಲು. ಡಾಕ್ಟರಿಗೂ ತಪ್ಪುವುದುಂಟಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಮೆಲ್ಲಗೆ, "ಸಾರ್, ಆರೇ ಇದಾವೆ. ಇನ್ನೆರಡು ಬರಬೇಕಲ್ಲ?" ಅಂದೆ.

"ಎಲ್ಲಿಂದ ಬರುತ್ತೆ ರೀ?"

"ಅಲ್ಲ ಸಾರ್, ಎಂಟು..."

"ಎಂಟು ದನಕ್ಕೆ. ಕತ್ತೆಗೂ ಕುದುರೆಗೂ ಆರೇ. ಆರೂ ಬಂದರೆ ಐದು ವರ್ಷ ಅಂತ ಅರ್ಥ. ಆಮೇಲೆ ಸವೆತ ನೋಡಬೇಕು, ಮೇಲಿನ ಮೂಲೆ ಹಲ್ಲಿನಲ್ಲಿ ಗೀರು ಎಷ್ಟು ಇಳಿದಿದೆ ನೋಡಬೇಕು. ಯಾಕೆ, ಯಾವುದಾದರೂ ಕುದುರೆ ನೋಡಿದ್ದೀರಾ?"

"ಇಲ್ಲ ಸಾರ್, ಸುಮ್ಮನೆ ಕೇಳಿದೆ" ಎಂದು ಕತ್ತೆಯ ಬಾಲದ ಕಡೆಗೆ ಹೋಗಿ ನಿಂತೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋಗದೆ ನೇರ ಜಟಕಾ ನಿಲ್ದಾಣಕ್ಕೆ ಓಡಿದೆ. ರಾಜ ಒಂದು ಕಾಲು ಮಡಿಸಿ ತೂಕಡಿಸುತ್ತಿದ್ದ. ಬಾಯಿ ತೆರೆಸಿದೆ. ಮೇಲಿನ ಮೂಲೆ ಹಲ್ಲಿನಲ್ಲಿ ಕಪ್ಪಗೆ ಒಂದು ಗೀರು, ಹಲ್ಲಿನ ಅರ್ಧದವರೆಗೆ ಇಳಿದಿತ್ತು. ನಂಜುಂಡ ಹಿಂದಿನಿಂದ ಬಗ್ಗಿ, "ಬಂದ್ವಾ ಸಾ, ಇನ್ನೆಲ್ಡು?" ಎಂದು ಆಸೆಯಿಂದ ಕೇಳಿದ. ನನಗೆ ಅಳು ಬರುವುದೊಂದು ಬಾಕಿ.

ಸುಮ್ಮನಿದ್ದುಬಿಡಬಹುದಿತ್ತು. ಡಾಕ್ಟರು ಓಟಕ್ಕೆ ಬರೀ ಅತಿಥಿ. ಅತಿಥಿಗಳು ಕುದುರೆಯ ಬಾಯಿಗೆ ಕೈ ಹಾಕುವುದಿಲ್ಲ. ಬಾಯಿ ಬಿಟ್ಟರೆ ಮೂರು ವರ್ಷದ ಕಪ್ಪು, ಸಾಹುಕಾರರ ಮೀಸೆ, ನನ್ನ ಹೆಸರು, ಕೆಲಸ ಎಲ್ಲವೂ ಒಟ್ಟಿಗೆ ಮಣ್ಣಾಗುತ್ತಿತ್ತು. ಸುಮ್ಮನಿರುವುದೆಂದೇ ತೀರ್ಮಾನಿಸಿದ್ದೆ. ಆದರೆ ಓಟದ ಹಿಂದಿನ ದಿನ ಮಾದಮ್ಮ ಗೌರಿಯ ಗೊರಸು ತೋರಿಸಲು ಆಸ್ಪತ್ರೆಗೆ ಬಂದಳು. ಗೊರಸು ಚೆನ್ನಾಗಿಯೇ ಇತ್ತು. ಅವಳಿಗೆ ಬೇಕಾಗಿದ್ದುದು ಒಂದು ಧೈರ್ಯದ ಮಾತು.

"ಸಾ, ರಾಜನ್ನ ಕಂಡ್ರ ನನ್ಗ ಎದ್ರಿಕೆ. ಆದ್ರೂ ಅವ್ನೂ ಮರಿ, ಇವ್ಳೂ ಮರಿ. ನೀವೇ ನೋಡಿ ಬರ್ದಿದ್ದೀರಿ. ಸಮಸಮ ಓಡಿ ಸೋತ್ರ ನನ್ ಅಣೆಬರ, ಕೊಟ್ಟು ಬತ್ತೀನಿ. ಅಳಾಕಿಲ್ಲ."

ಸಮಸಮ! ಒಬ್ಬ ಅಜ್ಜನನ್ನು ಬಾಲವಾಡಿಗೆ ಸೇರಿಸಿ, ಅವನೊಡನೆ ಕುಸ್ತಿಯಾಡು ಎಂದು ಮಗುವನ್ನು ಬಿಟ್ಟಿದ್ದೆ. ಆ ಅಜ್ಜ ದೊಡ್ಡ ಊರಿನಲ್ಲಿ ಓಟವನ್ನೇ ಕಸುಬು ಮಾಡಿಕೊಂಡಿದ್ದವನು ಬೇರೆ. ಮಾದಮ್ಮನ ಮುಖ ನೋಡಲು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆ ನಾಚಿಕೆ ಇಂದಿಗೂ ಪೂರ್ತಿ ಹೋಗಿಲ್ಲ.

ಓಟದ ದಿನ ಕೆರೆಯಂಗಳ ಜನರಿಂದ ತುಂಬಿತ್ತು. ಹನೂರು ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ವಾದ್ಯದವರು ಊದುತ್ತಿದ್ದರು, ಹಾರ ಹಾಕಿದ ನಿಯಮದ ಹಾಳೆ ಕಪ್ಪಿನ ಪಕ್ಕ ನಿಂತಿತ್ತು, ಸಾಹುಕಾರರು ಜರತಾರಿ ಪೇಟ ಸುತ್ತಿದ್ದರು. ಎಂಟು ಕುದುರೆಗಳನ್ನು ಸಾಲಾಗಿ ನಿಲ್ಲಿಸಿದರು. ಪ್ರತಿ ವರ್ಷ ನಾನು ಎದ್ದು ನಿಂತು ಒಂದೊಂದರ ವಯಸ್ಸನ್ನು ಜೋರಾಗಿ ಓದುವ ಪದ್ಧತಿ. ಎದ್ದೆ. ಕಾಗದ ಬಿಚ್ಚಿದೆ. ಸಾಲಿನ ಕೊನೆಯಲ್ಲಿ ಮಾದಮ್ಮ ಗೌರಿಯ ಹಗ್ಗ ಹಿಡಿದು ನಿಂತು, ನಾನು ಏನು ಓದಿದರೂ ನಂಬುವ ಮುಖದಿಂದ ನೋಡುತ್ತಿದ್ದಳು.

"ಇದರಲ್ಲಿ ಬರೆದಿರುವುದೆಲ್ಲ ತಪ್ಪು" ಅಂದೆ.

ವಾದ್ಯ ನಿಂತಿತು.

"ಕುದುರೆಗೆ ಆರೇ ಹಲ್ಲು. ನಾನು ಇಷ್ಟು ವರ್ಷವೂ ದನದ ಲೆಕ್ಕ ಹಾಕಿದ್ದೇನೆ. ಇಲ್ಲಿರುವ ಹೆಚ್ಚಿನವು ಮರಿಗಳಲ್ಲ. ತಪ್ಪು ನನ್ನದು. ಡಾಕ್ಟರು ದಯವಿಟ್ಟು ನೋಡಬೇಕು."

ಸಾಹುಕಾರರು ಎದ್ದು ನಿಂತರು. "ಏನಯ್ಯ ಕಾಂಪೌಂಡ್ರೆ, ಬೆಳಿಗ್ಗೇನೇ ಹಾಕ್ಕೊಂಡಿದ್ದೀಯಾ?"

ಡಾಕ್ಟರು ತೋಳು ಮಡಿಸಿಕೊಂಡು ಸಾಲಿನ ಹತ್ತಿರ ಹೋದರು. ಜನ ಗುಂಪಾಗಿ ಅವರ ಹಿಂದೆ ಹಿಂದೆಯೇ ಹೋದರು. ಮೊದಲ ಕುದುರೆ ಏಳು ವರ್ಷ ಅಂದರು. ಎರಡನೆಯದು ಹನ್ನೊಂದು. ಮೂರನೆಯದಕ್ಕೆ ಒಂಬತ್ತು. ಒಂದೊಂದು ಸಂಖ್ಯೆಗೂ ಜನ "ಅಯ್ಯಯ್ಯೋ" ಅಂದರು. ರಾಜನ ಹತ್ತಿರ ಅವರು ತುಸು ಹೆಚ್ಚು ಹೊತ್ತು ನಿಂತರು.

"ಹದಿನೈದು. ಕಡಿಮೆ ಇಲ್ಲ."

ನಂಜುಂಡ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ರಾಜನ ಕತ್ತಿನ ಮೇಲೆ ಕೈಯಿಟ್ಟು, "ಹದ್ನೈದಾ? ಅಯ್ಯೋ ನಮ್ಮಪ್ಪಾ! ನಾನು ಚಿಕ್ಕುಡ್ಗ ಅಂದ್ಕಂಡು ನಾಕ್ ನಾಕ್ ಜನ ಹತ್ತುಸ್ಬುಟ್ನಲ್ಲ!" ಅಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಲಿಲ್ಲ. ಅವನಿಗೆ ನಿಜಕ್ಕೂ ಕೆಡುಕೆನ್ನಿಸಿತ್ತು.

ಕೊನೆಗೆ ಗೌರಿ. ನಾಲ್ಕು ಹಲ್ಲಿನ ಕುದುರೆಗೆ ಎಷ್ಟು ವಯಸ್ಸು ಎಂದು ನಾನು ಡಾಕ್ಟರನ್ನು ಕೇಳಿಯೇ ಇರಲಿಲ್ಲ. ಇವಳಿಗೂ ವಯಸ್ಸು ಮೀರಿದ್ದರೆ? ಮಾದಮ್ಮನಿಗಿದ್ದ ಒಂದೇ ದಾರಿಯನ್ನೂ ನಾನೇ ಮುಚ್ಚಿದ ಹಾಗಾಗುತ್ತಿತ್ತು.

"ಮೂರೂವರೆ" ಅಂದರು ಡಾಕ್ಟರು. "ಈ ಎರಡು ಹಲ್ಲು ಈಗಷ್ಟೇ ಎದ್ದಿವೆ. ಇದೊಂದೇ ಮರಿ."

ಅಂದರೆ ಓಡಲು ಯೋಗ್ಯವಾದದ್ದು ಒಂದೇ ಕುದುರೆ. ಒಂದೇ ಕುದುರೆ ಯಾರ ಜೊತೆ ಓಡಬೇಕು? ಗಲಾಟೆ ಎದ್ದಿತು. ಓಟವೇ ಇಲ್ಲ ಎಂದು ಕೆಲವರು, ಎಲ್ಲವನ್ನೂ ಓಡಿಸಿಬಿಡಿ ಎಂದು ಹಲವರು. ಡಾಕ್ಟರು ಮೇಜಿನ ಹತ್ತಿರ ಹೋಗಿ, ನಿಯಮದ ಹಾಳೆಯ ಹಾರ ತೆಗೆದು, ಕುಂಕುಮವನ್ನು ಕರವಸ್ತ್ರದಿಂದ ಒರೆಸಿ ಓದತೊಡಗಿದರು. ಅಷ್ಟು ವರ್ಷದಲ್ಲಿ ಅದನ್ನು ಓದಿದ ಮೊದಲ ಮನುಷ್ಯ ಅವರೇ ಇರಬೇಕು. ಓದಿ ಕನ್ನಡದಲ್ಲಿ ಹೇಳಿದರು. ಅರ್ಹವಾದ ಕುದುರೆ ಒಂದೇ ಉಳಿದರೆ ಅದು ಪೂರ್ತಿ ಸುತ್ತು ನಡೆದು ಮುಗಿಸಬೇಕು. ಹಗ್ಗ ಹಿಡಿದು ನಡೆಸಿದರೂ ಸರಿ. ಗುರುತು ಹಾಕಿದ ಗೆರೆಯ ಹೊರಗೆ ಕಾಲಿಡಬಾರದು. ಮುಗಿಸಿದರೆ ಗೆಲುವು ಅದರದ್ದು.

ಸಾಹುಕಾರರು ಬಹಳ ಹೊತ್ತು ಮೀಸೆ ಎಳೆದುಕೊಂಡರು. "ಹಾಗಾದ್ರೆ ನಡೀಲಿ" ಅಂದರು.

ಮಾದಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಹೊರಟಳು. ಓಟ ನೋಡಲು ಬೆಳಗಾಗುವ ಮೊದಲೇ ಗಾಡಿ ಕಟ್ಟಿ ಬಂದ ಜನ, ಒಬ್ಬ ಹೆಂಗಸು ಒಂದು ಕುದುರೆಯನ್ನು ನಡೆಸಿಕೊಂಡು ಹೋಗುವುದನ್ನು ನೋಡುತ್ತ ನಿಂತರು. ಮೊದಮೊದಲು ಕೂಗಿ ಗೇಲಿ ಮಾಡಿದರು. "ನಿಧಾನ ಕಣವ್ವಾ, ಎದುಸ್ರು ಬಂದದು!" ಎಂದು ಒಬ್ಬ ಕಿರುಚಿದ. ಗೌರಿ ಕಿವಿ ಆಡಿಸಿಕೊಂಡು ಮದುವೆಗೆ ಹೊರಟ ಹೆಣ್ಣಿನ ಹಾಗೆ ನಡೆಯಿತು.

ಅರ್ಧ ಸುತ್ತು ಮುಗಿಯುವಲ್ಲಿ ಗೆರೆಯ ಪಕ್ಕದಲ್ಲೇ ಸಾಹುಕಾರರ ಹುರುಳಿ ಹೊಲ. ಇನ್ನೂ ಕಿತ್ತಿರಲಿಲ್ಲ. ಗೌರಿ ಅಲ್ಲಿ ನಿಂತಿತು. ಕತ್ತು ಚಾಚಿ ಒಂದು ಗಿಡ ಕಿತ್ತು ತಿಂದ ಮೇಲೆ ಇನ್ನೊಂದಕ್ಕೆ ಬಾಯಿ ಹಾಕಿತು. ಮಾದಮ್ಮ ಎಳೆದಳು. ಎಳೆದಷ್ಟೂ ಅದು ಹೊಲದ ಕಡೆಗೆ ವಾಲಿತು. ಮುಂಗಾಲು ಗೆರೆಯ ಮೇಲೆ ಬಂತು. ಅಷ್ಟು ಜನವೂ ಬಗ್ಗಿ ಆ ಒಂದು ಗೊರಸನ್ನೇ ನೋಡುತ್ತಿದ್ದರು. ಗೇಲಿ ಮಾಡಿದವನೂ ಅವರಲ್ಲೊಬ್ಬ. ಡಾಕ್ಟರು ಕುಕ್ಕರುಗಾಲಲ್ಲಿ ಕೂತು, "ಗೆರೆ ಮುಟ್ಟಿದೆ, ದಾಟಿಲ್ಲ" ಅಂದರು. ಮಾದಮ್ಮ ಗೌರಿಯ ಕತ್ತು ಸವರುತ್ತ, "ಬಾರವ್ವ, ನನ್ ತಾಯಲ್ವಾ, ಇದೊಂದ್ ದಿನ ಬಾರವ್ವ" ಅನ್ನುತ್ತಿದ್ದಳು.

ಆಗ ನಂಜುಂಡ ಗುಂಪನ್ನು ಸೀಳಿಕೊಂಡು ಬಂದ. ಸಾಹುಕಾರರ ಹೊಲಕ್ಕೇ ನುಗ್ಗಿ ಎರಡೂ ಕೈ ತುಂಬ ಹುರುಳಿ ಗಿಡ ಕಿತ್ತುಕೊಂಡ. ಗೌರಿಯ ಮೂಗಿನ ಮುಂದೆ ಹಿಡಿದು, ಸುತ್ತಿನ ದಾರಿಯಲ್ಲಿ ಹಿಂದೆ ಹಿಂದಕ್ಕೆ ಹೆಜ್ಜೆ ಹಾಕಿದ. ಗೌರಿ ಗೆರೆ ಬಿಟ್ಟು ಅವನ ಕೈಯ ಹಿಂದೆ ಹೊರಟಿತು.

"ಇದು ನಿಯಮದಲ್ಲಿ ಅದಾ?" ಎಂದು ಯಾರೋ ಕೂಗಿದರು.

ಡಾಕ್ಟರು ಜೊತೆಗೇ ತಂದಿದ್ದ ಹಾಳೆ ನೋಡಿ, "ಮಾಡಬಾರದು ಅಂತ ಇಲ್ಲ" ಅಂದರು.

"ನನ್ ಹುರುಳಿ ಕಣಯ್ಯ ಅದು!" ಎಂದರು ಸಾಹುಕಾರರು. ಆದರೆ ಆ ಹೊತ್ತಿಗೆ ಅವರೂ ಪೇಟ ಕೈಯಲ್ಲಿ ಹಿಡಿದು ಗುಂಪಿನ ಜೊತೆ ಕುದುರೆಯ ಪಕ್ಕದಲ್ಲೇ ಓಡುತ್ತಿದ್ದರು. ಉಳಿದ ಅರ್ಧ ಸುತ್ತನ್ನು ಹನೂರು, ಕೊಳ್ಳೇಗಾಲ, ಯಳಂದೂರಿನ ಜನ ಎಲ್ಲರೂ ಸೇರಿ ನಡೆದೆವು. ವಾದ್ಯದವರು ತಾವಾಗಿಯೇ ಊದಲು ಶುರುಮಾಡಿದರು. ಗೌರಿ ಕೊನೆಯ ಗೆರೆ ದಾಟಿದಾಗ ಎದ್ದ ಕೂಗು ರಾಜನ ಮೂರು ಗೆಲುವಿಗೂ ಎದ್ದಿರಲಿಲ್ಲ. ಮಾದಮ್ಮ ಅಳುವುದಿಲ್ಲ ಅಂದಿದ್ದಳು. ಕುದುರೆಯ ಕತ್ತು ತಬ್ಬಿಕೊಂಡು ಜೋರಾಗಿ ಅತ್ತಳು. ಸಾಹುಕಾರರು ಮಾತಿಗೆ ತಪ್ಪಲಿಲ್ಲ. ಎಲ್ಲರ ಮುಂದೆ, "ತಾಯಿ ಮರಿ ಎರಡೂ ನಿನ್ನವು" ಅಂದರು. ದೊಡ್ಡ ಮಾತಾಡುವವರಲ್ಲಿ ಕೆಲವರಾದರೂ ಅದನ್ನು ಉಳಿಸಿಕೊಳ್ಳುತ್ತಾರೆ.

ಮರುವರ್ಷ ಓಟಕ್ಕೆ ಯಾರೂ ಹೆಸರು ಕೊಡಲಿಲ್ಲ. ಎರಡೋ ನಾಲ್ಕೋ ಹಲ್ಲಿನ ಜಾತಿ ಕುದುರೆ ನಮ್ಮ ಸುತ್ತಿನಲ್ಲಿ ಎಲ್ಲೂ ಇರಲಿಲ್ಲ. ಅದರ ಮುಂದಿನ ವರ್ಷ ಕೆರೆ ತುಂಬಿತ್ತು. ಆಮೇಲೆ ಬಸ್ಸುಗಳು ಹೆಚ್ಚಾಗಿ ಜಟಕಾಗಳೇ ಕಡಿಮೆಯಾದವು. ಎಪ್ಪತ್ತರ ಹೊತ್ತಿಗೆ ಮರಿಗುದುರೆ ಓಟ ಎಂದರೆ ಏನು ಎಂದು ಕೇಳುವ ಕಾಲ ಬಂತು. ನನಗೆ ಲೆಕ್ಕ ಬಾರದಿದ್ದಷ್ಟು ದಿನ ಓಟ ಚೆನ್ನಾಗಿ ನಡೆಯಿತು, ಲೆಕ್ಕ ಬಂದ ದಿನ ನಿಂತಿತು. ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು.

ಇನ್ನು ನನ್ನ ಗತಿ. ಡಾಕ್ಟರು ನನ್ನ ಪರವಾಗಿ ಬರೆದರು. ಆದರೂ ಓಟ ಮುಗಿದು ಎರಡು ತಿಂಗಳಿಗೆ ನನ್ನನ್ನು ಗೋಪಿನಾಥಂ ಕಡೆಗೆ ಹಾಕಿದ ಕಾಗದ ಬಂತು. ಶಿಕ್ಷೆ ಎಂದು ಎಲ್ಲೂ ಬರೆದಿರಲಿಲ್ಲ, ಸಾರ್ವಜನಿಕ ಹಿತದೃಷ್ಟಿಯಿಂದ ಎಂದಿತ್ತು. ಕಾಡಿನ ಅಂಚು, ಬಸ್ಸು ಅಪರೂಪ, ಅಲ್ಲಿ ಕುದುರೆಗಳೂ ಇಲ್ಲ.

ಹೊರಡುವ ದಿನ ಮಾದಮ್ಮ ತಾನಾಗಿಯೇ ಜಟಕಾ ತಂದು ಮನೆ ಮುಂದೆ ನಿಲ್ಲಿಸಿ, ನನ್ನ ಟ್ರಂಕನ್ನು ತಾನೇ ಎತ್ತಿಟ್ಟಳು. ತಾಯಿ ಕುದುರೆಗೆ ಬಿಡುವು ಕೊಟ್ಟು ಗೌರಿಯನ್ನು ಹೊಸದಾಗಿ ಕಟ್ಟಿದ್ದಳು. ಮೈಯೆಲ್ಲ ತಿಕ್ಕಿ ಮಿರಮಿರ ಮಿಂಚಿಸಿದ್ದಳು. ಬಸ್ ನಿಲ್ದಾಣದ ದಾರಿಯಲ್ಲಿ ಹೋಗುತ್ತಿರುವಾಗ ಹಿಂದಿನಿಂದ ಗೊರಸಿನ ಸದ್ದು ಕೇಳಿತು. ನಂಜುಂಡನ ಜಟಕಾ. ಈಗ ಅವನು ಇಬ್ಬರಿಗಿಂತ ಹೆಚ್ಚು ಹತ್ತಿಸುತ್ತಿರಲಿಲ್ಲ. ರಾಜನಿಗೆ ಯಾರೂ ಚಾಟಿ ತೋರಿಸಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕುದುರೆ ಕಂಡಿತು, ಅಷ್ಟೇ. ಹಳೆಯ ಅಭ್ಯಾಸ. ಗೌರಿ ಪ್ರಯತ್ನಪಟ್ಟಳು, ಮಾದಮ್ಮ ನಾಲಿಗೆ ಲೊಚಗುಟ್ಟಿ ಹುರಿದುಂಬಿಸಿದಳು. ರಾಜ ನಮ್ಮನ್ನು ದಾಟಿ, ಧೂಳೆಬ್ಬಿಸಿಕೊಂಡು, ತಿರುವಿನಲ್ಲಿ ಕಣ್ಮರೆಯಾದ.

ಆಮೇಲೆ ಮಾದಮ್ಮ ತಿರುಗಿ ನೋಡದೆಯೇ ಕೇಳಿದಳು.

"ಸಾ, ನೀವು ಕುದ್ರ ತಿಳ್ಕಂಡೋರು. ಅವತ್ತು ಎಲ್ರ ಜೊತ್ಗ ಓಡ್ಸಿದ್ರೂ ನಮ್ ಗೌರಿ ಗೆಲ್ತಿದ್ಲು, ಅಲ್ವಾ?"

ಮುಂದೆ ಧೂಳು ಇನ್ನೂ ಇಳಿದಿರಲಿಲ್ಲ.

"ಗೆಲ್ತಿದ್ದಳು ಕಣಮ್ಮ. ಅದರಲ್ಲೇನು ಅನುಮಾನ?" ಅಂದೆ.

ಅವಳ ಬೆನ್ನು ನೆಟ್ಟಗಾಯಿತು. ಗೌರಿಯ ಬೆನ್ನ ಮೇಲೆ ಹಗ್ಗವನ್ನು ಮೆಲ್ಲಗೆ ಆಡಿಸಿದಳು. ನಾನು ತಪ್ಪು ಸರ್ಟಿಫಿಕೇಟುಗಳನ್ನು ಎಷ್ಟೋ ಕೊಟ್ಟಿದ್ದೇನೆ, ಗೊತ್ತಿಲ್ಲದೆ ಕೊಟ್ಟೆ, ಗೊತ್ತಾದ ಮೇಲೆ ಜನದ ಮುಂದೆ ನಿಂತು ಒಪ್ಪಿಕೊಂಡೆ. ಗೊತ್ತಿದ್ದೂ ಕೊಟ್ಟದ್ದು ಅದೊಂದೇ. ಅದನ್ನು ತಿದ್ದುವುದಿಲ್ಲ.